ಕೆರೆಯ ನೀರಿನ ಜಾಡು ಹಿಡಿಯುವ ನಕ್ಷೆಗಳು

ಕೆರೆಗೆ ನೀರು ಎಲ್ಲಿಂದ ಬರುತ್ತದೆ, ಕೋಡಿ ಬಿದ್ದಾಗ ಎತ್ತ ಹರಿಯುತ್ತದೆ ಎಂಬುದನ್ನು ತಿಳಿಯಲು ಮೊದಲು ನೋಡಬೇಕಾದದ್ದು ಸರ್ವೆ ಆಫ್ ಇಂಡಿಯಾದ ಟೋಪೋಶೀಟ್, ಅಂದರೆ ಸ್ಥಳಾಕೃತಿ ನಕ್ಷೆ. 1767ರಲ್ಲಿ ಆರಂಭವಾದ ಈ ಸಂಸ್ಥೆಯ 1:50,000 ಪ್ರಮಾಣದ ನಕ್ಷೆಗಳು ಈಗ ಡಿಜಿಟಲ್ ರೂಪದಲ್ಲೂ ಸಿಗುತ್ತವೆ. ಇವುಗಳಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್.

ನಕ್ಷೆಯ ಕಂದು ಗೆರೆಗಳು ಸಮೋನ್ನತ ರೇಖೆಗಳು. ಒಂದು ರೇಖೆಯುದ್ದಕ್ಕೂ ನೆಲದ ಎತ್ತರ ಒಂದೇ. ಪಕ್ಕದ ರೇಖೆಗೆ ಸಾಮಾನ್ಯವಾಗಿ 20 ಮೀಟರ್ ವ್ಯತ್ಯಾಸ. ರೇಖೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ದೂರ ದೂರವಿದ್ದರೆ ಸಮತಟ್ಟಾದ ನೆಲ. ಬಾಗಿದ ರೇಖೆಯ ಮೊನೆ ಎತ್ತರದ ಕಡೆಗಿದ್ದರೆ ಅಲ್ಲಿ ಹಳ್ಳವಿದೆ. ತಗ್ಗಿನ ಕಡೆಗಿದ್ದರೆ ದಿಣ್ಣೆ. ಕೆರೆ ಏರಿಯ ಎರಡೂ ತುದಿಗಳಿಂದ ಹೊರಟು ಸುತ್ತಲ ದಿಣ್ಣೆಗಳ ನೆತ್ತಿಯನ್ನು ಕೂಡಿಸುತ್ತ ಹೋದರೆ ಜಲಾನಯನದ ಗಡಿ ಸಿಗುತ್ತದೆ. ಬೆಂಗಳೂರೇ ಇಂಥ ದಿಣ್ಣೆಯ ಮೇಲಿದೆ. ಪಶ್ಚಿಮದ ನೀರು ವೃಷಭಾವತಿಯ ಮೂಲಕ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಸೇರುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳ ನೀರು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ.

ಬಯಲುಸೀಮೆಯ ಸಣ್ಣ ಏರಿಳಿತಗಳಿಗೆ 20 ಮೀಟರ್ ಅಂತರ ಸಾಲದು. ಅಲ್ಲಿ ಉಪಗ್ರಹ ಮತ್ತು ರಾಡಾರ್ ಮಾಹಿತಿ ನೆರವಾಗುತ್ತದೆ. 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯ ರಾಡಾರ್ ಭೂಮಿಯ ಸುಮಾರು ಶೇ 80ರಷ್ಟು ನೆಲದ ಎತ್ತರವನ್ನು ಅಳೆಯಿತು. ಸುಮಾರು 30 ಮೀಟರ್ ಚೌಕಗಳಲ್ಲಿರುವ ಆ ಅಂಕಿಗಳನ್ನು ಉಚಿತ ತಂತ್ರಾಂಶವಾದ ಕ್ಯುಜಿಐಎಸ್‌ಗೆ ಉಣಿಸಿದರೆ ನೀರು ಹರಿಯುವ ದಿಕ್ಕು ತಾನಾಗಿ ಮೂಡುತ್ತದೆ. ಆದರೆ ಈ ಅಂಕಿಗಳಲ್ಲಿ ಮರದ ತಲೆ, ಕಟ್ಟಡದ ತಾರಸಿಗಳ ಎತ್ತರವೂ ಬೆರೆತಿರುತ್ತದೆ. ದಟ್ಟ ತೋಟ, ಕಿಕ್ಕಿರಿದ ಬಡಾವಣೆಗಳಲ್ಲಿ ಲೆಕ್ಕ ತಪ್ಪಬಹುದು.

ಮೂರನೆಯ ಆಧಾರ ಕಂದಾಯ ಇಲಾಖೆಯ ಗ್ರಾಮ ನಕ್ಷೆ. ಸರ್ವೆ ನಂಬರುಗಳು, ಕೆರೆಯಂಗಳ, ಕಾಲುವೆಗಳ ಗುರುತು ಇದರಲ್ಲಿವೆ. ನಿಂತ ಜಾಗದ ಸರ್ವೆ ನಂಬರನ್ನು ‘ದಿಶಾಂಕ್’ ಆ್ಯಪ್ ಮೊಬೈಲಿನಲ್ಲೇ ತೋರಿಸುತ್ತದೆ.

ಹಳೆಯ ನಕ್ಷೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಹೊಂದಿಸಿದರೆ ಬದಲಾವಣೆ ಕಣ್ಣಿಗೆ ಕಟ್ಟುತ್ತದೆ. ಬೆಂಗಳೂರಿನ ಧರ್ಮಾಂಬುಧಿ ಕೆರೆಯಿದ್ದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಹೊಂದಿಸುವ ಮುನ್ನ ಎರಡರ ಅಕ್ಷಾಂಶ, ರೇಖಾಂಶಗಳನ್ನು ಒಂದೇ ಪದ್ಧತಿಗೆ ತರಬೇಕು. ಹಳೆಯ ಹಾಳೆಗಳು ಎವರೆಸ್ಟ್ ಪದ್ಧತಿಯವು, ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84. ಈ ಪರಿವರ್ತನೆ ಮರೆತರೆ ಕಾಲುವೆ ಪಕ್ಕದ ಹೊಲದಲ್ಲಿ ಕಾಣಿಸುತ್ತದೆ.

ಕೊನೆಯ ಪರೀಕ್ಷೆ ನೆಲದ ಮೇಲೆಯೇ ನಡೆಯಬೇಕು. ಮಳೆ ನಿಂತ ಮೇಲೆ ಕಾಲುವೆಯ ಗುಂಟ ನಡೆದರೆ ನಕ್ಷೆಯ ಗೆರೆಯಲ್ಲಿ ಇಂದಿಗೂ ನೀರು ಹರಿಯುತ್ತಿದೆಯೇ ಎಂಬುದು ತಿಳಿಯುತ್ತದೆ. ಒತ್ತುವರಿಯ ತಕರಾರಿದ್ದರೆ ಆ್ಯಪ್‌ನ ಗೆರೆ ಸುಳಿವು ಮಾತ್ರ. ಅಲ್ಲಿ ಭೂಮಾಪಕರ ಅಳತೆಯೇ ಬೇಕು.