ಸಂಗೀತ ಪತ್ರಿಕೆಯ 16 ಪುಟಗಳು ಕಲಿಸುವ ಪಾಠ

ಮಡ್ಕಯಿ: ಫೋಂಡಾ ತಾಲೂಕಿನ ಮಡ್ಕಯಿ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ನವದುರ್ಗಾ ದೇವಸ್ಥಾನ ಮತ್ತು ಕೈಗಾರಿಕಾ ವಸಾಹತು. ದುಡಿಮೆಗಾಗಿ ಘಟ್ಟ ಇಳಿದು ಗೋವಾಕ್ಕೆ ಬಂದ ಕನ್ನಡ ಕುಟುಂಬಗಳಲ್ಲಿ ನಮ್ಮದೂ ಒಂದು. ಮನೆಯೊಳಗೆ ಕನ್ನಡ, ಅಂಗಳದಲ್ಲಿ ಕೊಂಕಣಿ, ಮಕ್ಕಳ ಪಾಟೀಚೀಲದಲ್ಲಿ ಇಂಗ್ಲಿಷ್. ಗಡಿಯ ಊರುಗಳಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪದವಿ ಓದುತ್ತಿರುವ ನನ್ನ ಮಗಳಿಗೆ ಕಾಲೇಜಿನಲ್ಲಿ ಒಂದು ಕೆಲಸ ಕೊಟ್ಟರು. ಸಂಗೀತ ಪತ್ರಿಕೆಯೊಂದರ ಮುಖಪುಟ, ಪರಿವಿಡಿ ಮತ್ತು ಎದುರುಬದುರಿನ ಎರಡು ಪುಟಗಳ ಲೇಖನವನ್ನು ವಿನ್ಯಾಸ ಮಾಡಬೇಕು. ಇದು ಹೊಸ ಅಭ್ಯಾಸವೇನಲ್ಲ. ಇಂಗ್ಲೆಂಡಿನಲ್ಲಿ ಮಾಧ್ಯಮ ಅಧ್ಯಯನದ ವಿದ್ಯಾರ್ಥಿಗಳು ಹಲವು ವರ್ಷ ಇದೇ ಕೆಲಸ ಮಾಡಿದ್ದಾರೆ. ಮಗಳು ಮಾತ್ರ ಹಟ ಹಿಡಿದು 16 ಪುಟಗಳ ಪೂರ್ತಿ ಸಂಚಿಕೆಯನ್ನೇ ಮಾಡಿದಳು. ಪಕ್ಕದಲ್ಲಿ ಕುಳಿತು ನೋಡಿದ ನನಗೂ ಅದು ಪಾಠವಾಯಿತು. ಇಂಥ ಕೆಲಸಕ್ಕೆ ಕೈಹಾಕುವ ಇತರ ಮಕ್ಕಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಓದುವವರು ಯಾರು?

ಮೊದಲ ಕರಡಿನ ಮುಖಪುಟದಲ್ಲಿ ಗಿಟಾರ್ ಹಿಡಿದ ಯುವಕ, ಮೇಲೆ ದಪ್ಪ ಇಂಗ್ಲಿಷ್ ಅಕ್ಷರ. 1967ರಲ್ಲಿ ಅಮೆರಿಕದಲ್ಲಿ ಆರಂಭವಾದ 'ರೋಲಿಂಗ್ ಸ್ಟೋನ್' ಪತ್ರಿಕೆಯ ನೆರಳು ಅದರ ಮೇಲೆ ಎದ್ದು ಕಾಣುತ್ತಿತ್ತು. ನೋಡಲು ಚೆನ್ನಾಗಿಯೇ ಇತ್ತು. ಆದರೆ ನವಲಗುಂದದ ಕಡೆಯಿಂದ ಬಂದ ನನ್ನ ತಾಯಿ ಹಾಳೆ ತಿರುವಿ ಹಾಕಿ ಕೇಳಿದ್ದು ಒಂದೇ ಮಾತು: "ಚಿತ್ರ ಛಲೋ ಅದಾವು. ನನಗ ಓದಾಕ ಏನ್ ಇಟ್ಟೀ?"

ಮಗಳ ಬಳಿ ಉತ್ತರವಿರಲಿಲ್ಲ. ಪತ್ರಿಕೆ ಎಂದರೆ ಮೊದಲು ಬಣ್ಣವಲ್ಲ, ಮೊದಲು ಓದುಗ ಎಂಬುದು ಅಲ್ಲಿ ತಿಳಿಯಿತು. ಹಾಥರಸ್‌ನಿಂದ 1935ರಲ್ಲಿ ಹೊರಟ 'ಸಂಗೀತ್' ಹಿಂದಿ ಬಲ್ಲ ಸಂಗೀತಾಸಕ್ತರಿಗಾಗಿ ಬಂತು. ಚೆನ್ನೈನಲ್ಲಿ 1983ರಲ್ಲಿ ಆರಂಭವಾದ 'ಶ್ರುತಿ' ಇಂಗ್ಲಿಷ್ ಓದುವ ಕಲಾರಸಿಕರಿಗಾಗಿ ಬಂತು. ನಮ್ಮ ಮಡ್ಕಯಿಯ ಪತ್ರಿಕೆ ಯಾರಿಗೆ? ಕೊನೆಗೆ ನಿರ್ಧಾರವಾದದ್ದು ಹೀಗೆ: ಅರ್ಧ ಕನ್ನಡ, ಅರ್ಧ ದೇವನಾಗರಿ ಲಿಪಿಯ ಕೊಂಕಣಿ. ಗೋವಾದ 1987ರ ರಾಜಭಾಷಾ ಕಾಯ್ದೆ ಮಾನ್ಯ ಮಾಡಿದ್ದು ದೇವನಾಗರಿ ಕೊಂಕಣಿಯನ್ನು. ಇಲ್ಲಿ ರೋಮನ್ ಲಿಪಿಯಲ್ಲಿ ಓದುವವರೂ ಬಹಳ. ಮಂಗಳೂರಿನಲ್ಲಿ ಅದೇ ಭಾಷೆ ಕನ್ನಡ ಲಿಪಿಯಲ್ಲಿ ಅಚ್ಚಾಗುತ್ತದೆ. ಒಂದು ಭಾಷೆಗೆ ಮೂರು ಲಿಪಿ ಇರುವಲ್ಲಿ, ಲಿಪಿ ಆರಿಸುವುದೆಂದರೆ ಓದುಗರನ್ನು ಆರಿಸುವುದೇ ಆಗಿದೆ.

ಅಕ್ಷರಕ್ಕೆ ಜಾಗ ಬೇಕು

ಕನ್ನಡ ಪುಟಗಳು ಸೇರಿದ ಕೂಡಲೇ ಮೊದಲಿನ ಲೆಕ್ಕವೆಲ್ಲ ತಪ್ಪಿತು. ಇಂಗ್ಲಿಷಿಗೆ ಇಟ್ಟ ಸಾಲಿನ ಅಂತರದಲ್ಲೇ ಕನ್ನಡ ತುಂಬಿದಾಗ, 'ಶಾಸ್ತ್ರೀಯ' ಪದದ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿತು. ಕನ್ನಡ ಅಕ್ಷರ ಮೇಲಕ್ಕೂ ಬೆಳೆಯುತ್ತದೆ, ಕೆಳಕ್ಕೂ ಬೆಳೆಯುತ್ತದೆ. 11 ಪಾಯಿಂಟ್ ಅಕ್ಷರಕ್ಕೆ 17 ಪಾಯಿಂಟ್ ಅಂತರ ಕೊಟ್ಟ ಮೇಲೆ ಪುಟ ಉಸಿರಾಡಿತು.

ಕಾಲಂ ವಿಷಯವೂ ಹಾಗೆಯೇ. ನಮ್ಮಲ್ಲಿ ವಿಭಕ್ತಿ ಪ್ರತ್ಯಯ ಸೇರಿ ಪದ ಉದ್ದವಾಗುತ್ತದೆ. ಪುಟಕ್ಕೆ ಮೂರು ಕಾಲಂ ಮಾಡಿದರೆ ಒಂದು ಸಾಲಿನಲ್ಲಿ ಎರಡೇ ಪದ ಕುಳಿತು ನಡುವೆ ಬಿಳಿ ಹೊಂಡ ಬೀಳುತ್ತದೆ. ಎರಡು ಕಾಲಂ ಮಾಡಿದ್ದರಿಂದ ಆ ತೊಂದರೆ ನೀಗಿತು.

ಪರಿಚಯದವರೊಬ್ಬರು ಕೊಟ್ಟ ಹಳೆಯ ಲೇಖನವೊಂದು ತೆರೆದಾಗ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಂಡಿತು. ಹಿಂದೆ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಗಣಕದಲ್ಲಿ ಹೀಗೆಯೇ ಕಾಣುತ್ತದೆ. ಯುನಿಕೋಡ್‌ಗೆ ಪರಿವರ್ತಿಸಿದರೆ ಈ ಕಷ್ಟವಿಲ್ಲ. ಆದರೆ ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರ ಸ್ಥಾನ ತಪ್ಪಬಹುದು. ಸಾಲು ಸಾಲಾಗಿ ಓದಿ ತಿದ್ದುವುದಕ್ಕೆ ಬೇರೆ ದಾರಿಯಿಲ್ಲ.

ಚಿತ್ರ, ಪುಟ, ಲೆಕ್ಕ

ಗಣಕದ ಪರದೆಯಲ್ಲಿ ಚೆಂದ ಕಂಡ ಚಿತ್ರ ಕಾಗದದಲ್ಲಿ ಮಸುಕಾಗುವುದೇಕೆ? ಒಳ್ಳೆಯ ಮುದ್ರಣಕ್ಕೆ ಒಂದು ಅಂಗುಲಕ್ಕೆ ಸುಮಾರು 300 ಚುಕ್ಕೆ ಬೇಕು. 640ಕ್ಕೆ 480 ಚುಕ್ಕೆಗಳ ಚಿತ್ರ ಆ ಲೆಕ್ಕದಲ್ಲಿ ಎರಡು ಅಂಗುಲಕ್ಕಿಂತ ತುಸು ಹೆಚ್ಚು ಅಗಲ ಬಂದೀತು, ಅಷ್ಟೇ. ಅದನ್ನು ಎ4 ಮುಖಪುಟಕ್ಕೆ ಹಿಗ್ಗಿಸಿದರೆ ಮುಖ ಕಾಣುವುದಿಲ್ಲ, ಚೌಕಗಳು ಕಾಣುತ್ತವೆ. ಪರದೆ ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ತೋರಿಸಿದರೆ, ಮುದ್ರಣಾಲಯ ನಾಲ್ಕು ಶಾಯಿಗಳಿಂದ ಬಣ್ಣ ಕಟ್ಟುತ್ತದೆ. ಹಾಗಾಗಿ ಪರದೆಯ ಹೊಳೆಯುವ ಹಸಿರು ಕಾಗದದಲ್ಲಿ ಮಂಕಾಗುವುದು ಸಹಜ. ನಡುವೆ ಪಿನ್ ಹೊಡೆಯುವ ಪತ್ರಿಕೆಯ ಪುಟಗಳು 4ರ ಗುಣಕದಲ್ಲಿ ಇರಬೇಕು. 16 ಇರಲಿ, 20 ಇರಲಿ, 18 ನಡೆಯದು. ಒಂದು ಲೇಖನ ಎರಡು ಪುಟ ಬೆಳೆದರೆ ಇನ್ನೆರಡು ಪುಟ ತುಂಬಬೇಕು, ಇಲ್ಲವೇ ಲೇಖನ ಕತ್ತರಿಸಬೇಕು. ಮಗಳು ಕತ್ತರಿಸಲು ಕಲಿತಳು.

ನಡುಪುಟದಲ್ಲಿ ಕಂಡ ನಂಟು

ಎಂಟನೆಯ ಮತ್ತು ಒಂಬತ್ತನೆಯ ಪುಟ ಪತ್ರಿಕೆಯ ನಡುಪುಟ. ಎಡಕ್ಕೆ ಗೋವಾ, ಬಲಕ್ಕೆ ಧಾರವಾಡ ಎಂದು ಮಗಳು ಹಂಚಿದಳು. ಎಡದಲ್ಲಿ ಕೇಸರಬಾಯಿ ಕೇರಕರ್ (1892-1977), ಬಲದಲ್ಲಿ ಮಲ್ಲಿಕಾರ್ಜುನ ಮನ್ಸೂರ್ (1910-1992). ಇಬ್ಬರೂ ದೊಡ್ಡವರು ಎಂಬುದಷ್ಟೇ ಆಗ ಅವಳಿಗೆ ಗೊತ್ತಿತ್ತು.

ಗುರುಪರಂಪರೆಯ ನಕ್ಷೆ ಬಿಡಿಸುತ್ತ ಹೋದಾಗ ಎರಡು ಗೆರೆಗಳು ಒಂದೇ ಕಡೆ ಸೇರಿದವು. ಕೇಸರಬಾಯಿ ಕಲಿತದ್ದು ಉಸ್ತಾದ್ ಅಲ್ಲಾದಿಯಾ ಖಾನರಲ್ಲಿ. ಮನ್ಸೂರರು ಮೊದಲು ಮಿರಜಿನ ನೀಲಕಂಠ ಬುವಾ ಅವರಲ್ಲಿ ಕಲಿತು, ಬಳಿಕ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀ ಖಾನ್ ಮತ್ತು ಭುರ್ಜೀ ಖಾನರ ಶಿಷ್ಯರಾದವರು. ಗೋವಾದ ಕುರ್ಡಿ ಗ್ರಾಮದ ಮೋಗೂಬಾಯಿ ಕುರ್ಡೀಕರ್ ಕೂಡ ಅದೇ ಜೈಪುರ-ಅತ್ರೌಲಿ ಘರಾನೆಯವರು. ಘಟ್ಟದ ಮೇಲಿನ ಹಾಡು, ಕೆಳಗಿನ ಹಾಡು ಎಂದು ನಾವು ಬೇರೆ ಮಾಡಿದ್ದು ಕೊಲ್ಹಾಪುರ ದರಬಾರಿನಲ್ಲಿ ಗಾಯಕರಾಗಿದ್ದ ಒಬ್ಬ ಗುರುವಿನ ಮನೆಯಲ್ಲಿ ಒಂದಾಗಿತ್ತು. 'ಹೊರಗಿನವರು' ಎಂಬ ಮಾತನ್ನು ಆಗಾಗ ಕೇಳಿ ಬೆಳೆದ ಹುಡುಗಿಗೆ ಆ ನಕ್ಷೆ ಬರೀ ನಕ್ಷೆಯಾಗಿ ಉಳಿಯಲಿಲ್ಲ.

ಒಂದು ಪದದ ಅಪಾಯ

'ಕೇಸರಬಾಯಿ ಕೇರಿಯಲ್ಲಿ ಹುಟ್ಟಿದರು' ಎಂದು ಅವಳು ಬರೆದಿದ್ದಳು. ಕೊಂಕಣಿ ಓದುಗನಿಗೆ ಕೇರಿ ಒಂದು ಊರು. ಕನ್ನಡ ಓದುಗನಿಗೆ ಅದು ಓಣಿ. ಸಾಲದ್ದಕ್ಕೆ ಗೋವಾದಲ್ಲಿ ಪೆಡ್ಣೆ ಹಾಗೂ ಸತ್ತರಿ ತಾಲೂಕುಗಳಲ್ಲೂ ಕೇರಿ ಎಂಬ ಊರುಗಳಿವೆ. 'ಫೋಂಡಾ ತಾಲೂಕಿನ ಕೇರಿ ಗ್ರಾಮ' ಎಂದು ತಿದ್ದಿದ ಮೇಲೆ ಗೊಂದಲ ಹೋಯಿತು. ಎರಡು ಭಾಷೆ ಬಲ್ಲವರಿಗೆ ಎರಡು ಪಟ್ಟು ಎಚ್ಚರ ಬೇಕು.

1977ರಲ್ಲಿ ಅಮೆರಿಕ ಹಾರಿಸಿದ ವಾಯೇಜರ್ ನೌಕೆಯ ಚಿನ್ನದ ಲೇಪದ ತಟ್ಟೆಯಲ್ಲಿ ಕೇಸರಬಾಯಿಯವರ ಸುಮಾರು ಮೂರೂವರೆ ನಿಮಿಷದ ಭೈರವಿ ಇದೆ. ಇದನ್ನು ಬರೆಯುವಾಗಲೂ ನೌಕೆ ಒಂದೋ ಎರಡೋ ಎಂಬ ಪ್ರಶ್ನೆ ಬಂತು. ಹುಡುಕಿದಾಗ ತಿಳಿದದ್ದು: ನೌಕೆಗಳು ಎರಡು, ತಟ್ಟೆ ಎರಡರಲ್ಲೂ ಇದೆ.

ಹಾಡು ಯಾರದ್ದು?

ಅಂತರ್ಜಾಲದಲ್ಲಿ ಸಿಕ್ಕ ಚಿತ್ರವೆಲ್ಲ ನಮ್ಮದಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಬರೆದವರ, ರಾಗ ಸಂಯೋಜಿಸಿದವರ ಹಕ್ಕು ಅವರ ಜೀವಿತಾವಧಿ ಮತ್ತು ಅನಂತರ 60 ವರ್ಷ ಇರುತ್ತದೆ. 2012ರ ತಿದ್ದುಪಡಿಯ ಬಳಿಕ ಛಾಯಾಚಿತ್ರಕ್ಕೂ ಅದೇ ಅವಧಿ. ಆದ್ದರಿಂದ ಮಗಳು ಗಿಟಾರಿನ ಯುವಕನನ್ನು ತೆಗೆದುಹಾಕಿ, ನನ್ನ ತಾಯಿಯ ಕೈಯಲ್ಲಿನ ತಾಳದ ಚಿತ್ರವನ್ನು ತಾನೇ ತೆಗೆದು ಮುಖಪುಟಕ್ಕೆ ಹಾಕಿದಳು.

ಹನ್ನೆರಡನೆಯ ಪುಟಕ್ಕೆ ಅಜ್ಜಿಯ ಸೋಬಾನೆ ಪದಗಳ ಬಗ್ಗೆ ಬರೆಹ. ಜನಪದ ಹಾಡಿಗೆ ಕರ್ತೃವಿಲ್ಲ, ಹೆಸರು ಬೇಕಿಲ್ಲ ಎಂದು ಮಗಳು ತಿಳಿದಿದ್ದಳು. ನನ್ನ ತಾಯಿ ಒಪ್ಪಲಿಲ್ಲ. "ಹಾಡ ನಂದಲ್ಲ. ನನಗ ಕಲಿಸಿದಾಕೀ ಹೆಸರ ಬರಿ, ಆಮ್ಯಾಲ ನಂದು ಬರಿ" ಎಂದರು. ಕಾನೂನು ಕೇಳದ ಋಣವನ್ನು ಓದು ಬರಹ ಅಷ್ಟಕ್ಕಷ್ಟೇ ಇರುವ ಅಜ್ಜಿ ಕೇಳಿದರು. ಪುಟದ ಕೆಳಗೆ ಎರಡು ಹೆಸರುಗಳು ಆ ಕ್ರಮದಲ್ಲೇ ಅಚ್ಚಾದವು.

ಇಂಥ ಪತ್ರಿಕೆ ಮಾಡುವ ಮಕ್ಕಳಿಗೆ ಕೊನೆಯದಾಗಿ ಒಂದು ಮಾತು. ಮುದ್ರಣಾಲಯಕ್ಕೆ ಕೊಡುವ ಮೊದಲು ಒಂದು ಪ್ರತಿಯನ್ನು ಮನೆಯ ಮುದ್ರಕದಲ್ಲಿ ತೆಗೆದು, ಮಡಚಿ, ಮನೆಯ ಹಿರಿಯರ ಕೈಗೆ ಕೊಡಿ. ಅವರು ಎಲ್ಲಿ ಕಣ್ಣು ಕಿರಿದು ಮಾಡುತ್ತಾರೆ, ಯಾವ ಪುಟ ಬಿಟ್ಟು ಮುಂದೆ ಹೋಗುತ್ತಾರೆ ಎಂದು ನೋಡಿ. ನನ್ನ ತಾಯಿ ಹನ್ನೆರಡನೆಯ ಪುಟವನ್ನು ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದರು. ಮೊದಲ ಹೆಸರು ಬಂದಾಗ ನಿಂತು, ಇನ್ನೊಮ್ಮೆ ಓದಿದರು.