ಹಳೆಯ ಕಂಪ್ಯೂಟರಿಗೆ ದನಿ ಬರುವುದು ಹೇಗೆ?

ಒಂದರ ಮದರ್‌ಬೋರ್ಡು, ಇನ್ನೊಂದರ ಹಾರ್ಡ್‌ಡಿಸ್ಕು, ಮತ್ತೊಂದರ ಕ್ಯಾಬಿನೆಟ್ಟು ಸೇರಿಸಿ ಹಳೆಯ ಕಂಪ್ಯೂಟರನ್ನು ಮತ್ತೆ ಕಟ್ಟಿದವರನ್ನು ಕೊನೆಯಲ್ಲಿ ಕಾಡುವುದು ಸಾಮಾನ್ಯವಾಗಿ ಸದ್ದು. ವಿಂಡೋಸ್ ಎಕ್ಸ್‌ಪಿ ಹಾಕಿದ್ದಾಯಿತು, ಪರದೆ ಬೆಳಗಿತು, ಕೀಬೋರ್ಡು ಮಾತು ಕೇಳುತ್ತಿದೆ. ಸ್ಪೀಕರು ಮಾತ್ರ ಸುಮ್ಮನಿದೆ. ಡಿವೈಸ್ ಮ್ಯಾನೇಜರಿನಲ್ಲಿ ‘ಮಲ್ಟಿಮೀಡಿಯಾ ಆಡಿಯೋ ಕಂಟ್ರೋಲರ್’ ಎಂಬ ಸಾಲಿನ ಪಕ್ಕ ಹಳದಿ ಗುರುತು. ಆಗ ಹೆಚ್ಚಿನವರು ಕ್ಯಾಬಿನೆಟ್ಟಿನ ಮೇಲಿರುವ ಕಂಪನಿಯ ಹೆಸರು ಹಿಡಿದು ಡ್ರೈವರ್ ಹುಡುಕಲು ಹೊರಡುತ್ತಾರೆ. ಮರುಜೋಡಿಸಿದ ಯಂತ್ರದಲ್ಲಿ ಆ ಹೆಸರಿಗೂ ಒಳಗಿನ ಚಿಪ್ಪಿಗೂ ಸಂಬಂಧವೇ ಇರಬೇಕಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಆರಿಸಿ ಜೋಡಿಸಿಕೊಂಡ ‘ಅಸೆಂಬಲ್ಡ್’ ಯಂತ್ರಗಳಿಗಂತೂ ಮೊದಲಿನಿಂದಲೂ ಅಂಥ ಹೆಸರೇ ಇರಲಿಲ್ಲ. ಹುಡುಕಾಟ ಶುರುವಾಗಬೇಕಾದದ್ದು ಚಿಪ್ಪು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಸಂಖ್ಯೆಯಿಂದ. ಆ ಸಂಖ್ಯೆಗೆ ಇವತ್ತು ಡ್ರೈವರ್ ಸಿಗುತ್ತದೆಯೇ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಯಂತ್ರದ ವಯಸ್ಸಲ್ಲ; ಚಿಪ್ಪು ಕೆಲಸ ಮಾಡುವ ಬಗೆಯನ್ನು ತಯಾರಕರು ಬಹಿರಂಗವಾಗಿ ಬರೆದಿಟ್ಟಿದ್ದರೇ ಎಂಬ ಸಂಗತಿ.

ಪಿಸಿಐ ಬಸ್ಸಿಗೆ ಸೇರಿದ ಪ್ರತಿ ಚಿಪ್ಪೂ ಎರಡು ಸಂಖ್ಯೆಗಳನ್ನು ಹೊತ್ತಿರುತ್ತದೆ, ತಯಾರಕರದೊಂದು, ಸಾಧನದ್ದೊಂದು. ಹಳದಿ ಗುರುತಿನ ಸಾಲಿನ ಪ್ರಾಪರ್ಟೀಸ್ ತೆರೆದು ಡೀಟೇಲ್ಸ್ ವಿಭಾಗಕ್ಕೆ ಹೋದರೆ ‘ವಿಇಎನ್_8086’, ‘ಡಿಇವಿ_24ಡಿ5’ ಎಂಬಂಥ ಉದ್ದನೆಯ ಸಾಲು ಕಾಣುತ್ತದೆ. 8086 ಇಂಟೆಲ್‌ನ ಗುರುತು. 1978ರಲ್ಲಿ ಅದು ಹೊರತಂದ ಹೆಸರಾಂತ ಪ್ರೊಸೆಸರಿನ ಸಂಖ್ಯೆಯೂ ಅದೇ. 24ಡಿ5 ಎಂದರೆ ಐಸಿಎಚ್5 ಚಿಪ್ಪಿನ ಧ್ವನಿ ವಿಭಾಗ, 2003ರಲ್ಲಿ ಬಂದ 865 ಸರಣಿಯ ಬೋರ್ಡುಗಳಲ್ಲಿ ಇರುವಂಥದ್ದು. ಸೌಂಡ್ ಬ್ಲಾಸ್ಟರ್ ತಯಾರಿಸಿದ ಕ್ರಿಯೇಟಿವ್ ಕಂಪನಿಯ ಗುರುತು 1102. ಇನ್ನು ಡ್ರೈವರಿನ ಕಡೆ ನೋಡಿದರೆ, ಪ್ರತಿ ಡ್ರೈವರಿನ ಜೊತೆ ಒಂದು ಐಎನ್‌ಎಫ್ ಫೈಲ್ ಇರುತ್ತದೆ. ಅದು ಬರೀ ಪಠ್ಯ, ನೋಟ್‌ಪ್ಯಾಡಿನಲ್ಲೇ ತೆರೆದು ಓದಬಹುದು. ನಮ್ಮ ಸಂಖ್ಯೆ ಅದರಲ್ಲಿದ್ದರೆ ಆ ಡ್ರೈವರ್ ಈ ಚಿಪ್ಪಿಗಾಗಿ ಬರೆದದ್ದು; ಇಲ್ಲದಿದ್ದರೆ ಸಿಡಿಯ ಮೇಲೆ ಏನೇ ಅಚ್ಚಾಗಿರಲಿ, ವಿಂಡೋಸ್ ಅದನ್ನು ತಾನಾಗಿ ಒಪ್ಪಿಕೊಳ್ಳುವುದಿಲ್ಲ. 1989ರ ಸೌಂಡ್ ಬ್ಲಾಸ್ಟರ್ ಕಾಲದಲ್ಲಿ ಈ ಅನುಕೂಲ ಇರಲಿಲ್ಲ. ಕಾರ್ಡು ಯಾವ ಪೋರ್ಟಿನಲ್ಲಿದೆ, ಯಾವ ಇಂಟರಪ್ಟ್ ಬಳಸುತ್ತದೆ ಎಂಬುದನ್ನು ಬಳಕೆದಾರರೇ ಜಂಪರ್ ಸಿಕ್ಕಿಸಿ ಗೊತ್ತುಮಾಡಬೇಕಿತ್ತು.

ಸಂಖ್ಯೆ ಸಿಕ್ಕಿದ ಮಾತ್ರಕ್ಕೆ ಎಲ್ಲ ಮುಗಿಯುವುದಿಲ್ಲ. 24ಡಿ5 ಧ್ವನಿವ್ಯವಸ್ಥೆಯ ಅರ್ಧ ಮಾತ್ರ. ಇಂಟೆಲ್ ಪ್ರಕಟಿಸಿದ ಎಸಿ’97 ಮಾನದಂಡ ಕೆಲಸವನ್ನು ಎರಡು ಪಾಲು ಮಾಡಿತು. ಅಂಕಿಗಳನ್ನು ಸಾಗಿಸುವ ಕಂಟ್ರೋಲರ್ ಚಿಪ್‌ಸೆಟ್ಟಿನೊಳಗೆ. ಅಂಕಿಗಳನ್ನು ಸ್ಪೀಕರಿಗೆ ಬೇಕಾದ ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಕೋಡೆಕ್, ಹೆಚ್ಚಾಗಿ ಹಿಂಬದಿಯ ಜ್ಯಾಕುಗಳ ಹತ್ತಿರ ಕೂತಿರುವ ಇನ್ನೊಂದು ಪುಟ್ಟ ಚಿಪ್ಪು. ಇವೆರಡರ ನಡುವೆ ಇರುವುದು ಐದೇ ಗೆರೆಗಳು. ಅವುಗಳ ಮೇಲೆ ಸೆಕೆಂಡಿಗೆ 48,000 ಕಂತುಗಳು, ಕಂತಿಗೆ 256 ಬಿಟ್‌ಗಳಂತೆ ಹರಿಯುತ್ತವೆ. ಹಾಗಾಗಿ ಗಡಿಯಾರದ ವೇಗ ಕರಾರುವಾಕ್ಕಾಗಿ 12.288 ಮೆಗಾಹರ್ಟ್ಸ್. ಈ ಮಾನದಂಡದಲ್ಲಿ ಬಹಳ ಜನ ಗಮನಿಸದ ಒಂದು ಸಾಲಿದೆ: ವಿದ್ಯುತ್ ಬಂದ ಕೂಡಲೇ ಕೋಡೆಕ್‌ನ ಮುಖ್ಯ ಧ್ವನಿಮಟ್ಟದ ರಿಜಿಸ್ಟರಿನಲ್ಲಿ ಮ್ಯೂಟ್ ಬಿಟ್ 1 ಆಗಿರಬೇಕು. ಅಂದರೆ ಡ್ರೈವರ್ ಇಲ್ಲದ ಯಂತ್ರ ಸುಮ್ಮನಿರುವುದು ಕೆಟ್ಟುಹೋಗಿ ಅಲ್ಲ, ವಿನ್ಯಾಸವೇ ಹಾಗಿದೆ. ಯಾರಾದರೂ ಬಂದು ಆ ಒಂದು ಬಿಟ್ಟನ್ನು 0 ಮಾಡುವ ತನಕ ಕೋಡೆಕ್ ಕಾಯುತ್ತದೆ. ಇದನ್ನೆಲ್ಲ ಯಾರು ಬೇಕಾದರೂ ಓದಬಹುದಾದ್ದರಿಂದಲೇ ಲಿನಕ್ಸ್‌ನಲ್ಲಿ ಒಂದೇ ಒಂದು ಡ್ರೈವರ್ ಇಂಟೆಲ್‌ನ ಹಲವು ತಲೆಮಾರುಗಳ ಜೊತೆಗೆ ಎನ್‌ವಿಡಿಯಾ, ಎಸ್‌ಐಎಸ್ ಚಿಪ್‌ಸೆಟ್ಟುಗಳಲ್ಲೂ ಸದ್ದು ಹೊರಡಿಸುತ್ತದೆ.

ಇದಕ್ಕೆ ಎದುರಾದ ಉದಾಹರಣೆಯೊಂದನ್ನು ನೋಡಬೇಕು. 1998ರಲ್ಲಿ ಬಂದ ಸೌಂಡ್ ಬ್ಲಾಸ್ಟರ್ ಲೈವ್ ಕಾರ್ಡು ಕೋಟೆಯಂತೆ ಗಟ್ಟಿ. ಈಗಲೂ ಕೆಲಸ ಮಾಡುವ ಸ್ಥಿತಿಯಲ್ಲಿ ಸಿಗುತ್ತದೆ. 2007ರಲ್ಲಿ ವಿಂಡೋಸ್ ವಿಸ್ಟಾ ಧ್ವನಿಯ ಇಡೀ ವ್ಯವಸ್ಥೆಯನ್ನೇ ಬದಲಿಸಿದಾಗ ಈ ಕಾರ್ಡಿಗೆ ಕಂಪನಿಯಿಂದ ಹೊಸ ಡ್ರೈವರ್ ಬರಲಿಲ್ಲ. ಆದರೆ ಅದರ ಲಿನಕ್ಸ್ ಡ್ರೈವರಿನ ಮೂಲ ಕೋಡನ್ನು ಕ್ರಿಯೇಟಿವ್ ಅದಕ್ಕೆ ಮೊದಲೇ ಮುಕ್ತವಾಗಿ ಕೊಟ್ಟಿತ್ತು. ಅದೇ ಕಾರ್ಡು ಲಿನಕ್ಸ್‌ನಲ್ಲಿ ಹಾಡುತ್ತಲೇ ಹೋಯಿತು. ತಾಮ್ರ, ಸಿಲಿಕಾನ್ ಎರಡೂ ಕಡೆ ಒಂದೇ. ವ್ಯತ್ಯಾಸವಾದದ್ದು ತಿಳಿವಳಿಕೆ ಯಾರ ಕೈಯಲ್ಲಿತ್ತು ಎಂಬುದರಲ್ಲಿ. ತಯಾರಕರ ಜಾಲತಾಣವನ್ನೇ ನಂಬಿ ಕೂರುವಂತೆಯೂ ಇಲ್ಲ. ಡೆಸ್ಕ್‌ಟಾಪ್ ಬೋರ್ಡುಗಳ ವ್ಯಾಪಾರದಿಂದ ಹೊರನಡೆದಿದ್ದ ಇಂಟೆಲ್ 2019ರ ನವೆಂಬರಿನಲ್ಲಿ ಹಳೆಯ ಬೋರ್ಡುಗಳ ಡ್ರೈವರ್ ಮತ್ತು ಬಯೋಸ್ ಫೈಲ್‌ಗಳನ್ನು ತನ್ನ ತಾಣದಿಂದ ತೆಗೆದುಹಾಕಲು ತೊಡಗಿತು.

ಇಷ್ಟೆಲ್ಲ ಯಾಕೆ, ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡು ಸಿಕ್ಕಿಸಿದರಾಯಿತಲ್ಲ ಎಂಬ ಮಾತು ಸಹಜ. ಹಾಡು ಕೇಳುವುದಷ್ಟೇ ಉದ್ದೇಶವಾದರೆ ನಿಜಕ್ಕೂ ಅದೇ ಒಳ್ಳೆಯ ದಾರಿ. ಆದರೆ ಅದು ಸಿಕ್ಕಿಸಿದ ಕೂಡಲೇ ಕೆಲಸ ಮಾಡುವುದು ಯಾಕೆ ಎಂದು ಕೇಳಿ ನೋಡಿ. ಯುಎಸ್‌ಬಿ ಧ್ವನಿಸಾಧನಗಳು ಹೇಗೆ ವರ್ತಿಸಬೇಕು ಎಂಬುದಕ್ಕೆ ಎಲ್ಲರಿಗೂ ತೆರೆದ ಮಾನದಂಡವಿದೆ, ಅದನ್ನು ಅನುಸರಿಸುವ ಡ್ರೈವರ್ ವಿಂಡೋಸ್ ಎಕ್ಸ್‌ಪಿಯೊಳಗೇ ಇದೆ. ಈ ಆಕ್ಷೇಪ ನನ್ನ ವಾದವನ್ನೇ ಗಟ್ಟಿಮಾಡುತ್ತದೆ. ತಾನಾಗಿ ಡ್ರೈವರ್ ಹುಡುಕಿ ಹಾಕುವ ತಂತ್ರಾಂಶಗಳಿವೆಯಲ್ಲ ಎನ್ನುವವರೂ ಇದ್ದಾರೆ. ಅವೂ ನೋಡುವುದು ಇದೇ ಸಂಖ್ಯೆಯನ್ನು. ಆದರೆ ಫೈಲ್ ಎಲ್ಲಿಂದ ಬಂತು ಎಂಬುದನ್ನು ಬಳಕೆದಾರರಿಂದ ಮರೆಮಾಡುತ್ತವೆ. ಡ್ರೈವರ್ ಎಂಬುದು ವ್ಯವಸ್ಥೆಯ ಒಳಗರ್ಭದಲ್ಲಿ ಪೂರ್ಣ ಅಧಿಕಾರದೊಂದಿಗೆ ಓಡುವ ಕೋಡ್. ಅದರ ಮೂಲ ಗೊತ್ತಿರಲೇಬೇಕು. ಈ ಕಾರಣಕ್ಕೇ ಎಕ್ಸ್‌ಪಿ ಯಂತ್ರವನ್ನು ಇಂಟರ್ನೆಟ್ಟಿನಿಂದ ದೂರ ಇಟ್ಟು, ಡ್ರೈವರನ್ನು ಬೇರೆ ಯಂತ್ರದಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ಒಯ್ಯುವುದು ಕ್ಷೇಮ.

ಸಂಖ್ಯೆ ಸರಿಯಾಗಿ, ಡ್ರೈವರೂ ಕೂತು, ಹಳದಿ ಗುರುತು ಹೋದ ಮೇಲೂ ಸದ್ದು ಬಾರದ ಪ್ರಸಂಗಗಳು ಉಂಟು. ಆಗ ಹೊಸ ಡ್ರೈವರ್ ಹುಡುಕುವ ಮೊದಲು ಬೋರ್ಡಿನ ಮೇಲಿರುವ ಮುಂಬದಿ ಆಡಿಯೋ ಪಿನ್ನುಗಳನ್ನು ನೋಡಬೇಕು. ಎಸಿ’97 ಕಾಲದ ಅನೇಕ ಬೋರ್ಡುಗಳಲ್ಲಿ ಧ್ವನಿಸಂಕೇತ ಮೊದಲು ಕ್ಯಾಬಿನೆಟ್ಟಿನ ಮುಂಬದಿಯ ಜ್ಯಾಕಿಗೆ ಹೋಗಿ, ಅಲ್ಲಿಂದ ಹಿಂದಿರುಗಿ ಹಿಂಬದಿಯ ಜ್ಯಾಕಿಗೆ ಬರುತ್ತದೆ. ಮುಂಬದಿಯ ತಂತಿ ಜೋಡಿಸದಿದ್ದರೆ 5 ಮತ್ತು 6ನೇ ಪಿನ್ನುಗಳನ್ನು, 9 ಮತ್ತು 10ನೇ ಪಿನ್ನುಗಳನ್ನು ಜಂಪರಿನಿಂದ ಕೂಡಿಸಿರಬೇಕು. ಕ್ಯಾಬಿನೆಟ್ಟು ಬದಲಿಸುವಾಗ ಈ ಎರಡು ಪುಟ್ಟ ಪ್ಲಾಸ್ಟಿಕ್ ಟೋಪಿಗಳೇ ಕಳೆದುಹೋಗುವುದು.