ಹಾಲೊಡಕಿನ ಪ್ರೋಟೀನು

ಹಾಲು ಒಡೆದಾಗ ಗಡ್ಡೆಯಿಂದ ಬೇರ್ಪಡುವ ತಿಳಿನೀರಿಗೆ ಹಾಲೊಡಕು ಎಂದು ಹೆಸರು. ಇದಕ್ಕೆ ಸಮೀಪವಾದ ಮೊಸರಿನ ತಿಳಿಯನ್ನು ಆಯುರ್ವೇದ ಗ್ರಂಥಗಳು ‘ಮಸ್ತು’ ಎಂದು ಕರೆದು, ಅದರ ಗುಣಗಳನ್ನು ಪ್ರತ್ಯೇಕವಾಗಿ ಹೇಳಿವೆ. ಹಾಲೊಡಕಿನಿಂದ ತೆಗೆದ ಪುಡಿಯು ಇಂದು ಡಬ್ಬಿಗಳಲ್ಲಿ ತುಂಬಿ ಅಂಗಸಾಧನೆ ಮಾಡುವ ತರುಣರ ಕೈ ಸೇರುತ್ತಿದೆ. ಇದನ್ನು ಕೆಲವರು ಬಲವರ್ಧನೆಗೆ ದಿವ್ಯೌಷಧವೆಂದೂ, ಕೆಲವರು ಮೂತ್ರಪಿಂಡಕ್ಕೆ ವಿಷವೆಂದೂ ಹೇಳುವರು. ಮತ್ತೆ ಕೆಲವರು ಮನೆಯಲ್ಲಿ ಪನೀರು ಮಾಡಿ ಉಳಿದ ನೀರೂ ಇದೂ ಒಂದೇ ಎಂದು ಭಾವಿಸುವರು. ಈ ಮೂರು ಅಭಿಪ್ರಾಯಗಳು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ನೂರು ಗ್ರಾಂ ಹಸುವಿನ ಹಾಲಿನಲ್ಲಿ ಸುಮಾರು ೩.೩ ಗ್ರಾಂ ಪ್ರೋಟೀನು ಇರುವುದು. ಅದರಲ್ಲಿ ಐದನೆಯ ನಾಲ್ಕು ಪಾಲು ಕೇಸೀನು. ಉಳಿದ ಒಂದು ಪಾಲು ಹಾಲೊಡಕಿನ ಪ್ರೋಟೀನು. ಚೀಸು ಮಾಡುವವರು ಹಾಲಿಗೆ ರೆನ್ನೆಟ್ ಎಂಬ ಕಿಣ್ವವನ್ನು ಬೆರೆಸಿದಾಗ ಕೇಸೀನು ಗಡ್ಡೆಗಟ್ಟುವುದು. ಇನ್ನೊಂದು ಪಾಲು ನೀರಿನಲ್ಲಿ ಕರಗಿಯೇ ಉಳಿಯುವುದು. ಒಂದು ಕಿಲೋಗ್ರಾಂ ಚೀಸಿಗೆ ಸುಮಾರು ಒಂಬತ್ತು ಲೀಟರು ಹಾಲೊಡಕು ಹೊರಬರುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲ ಇದನ್ನು ಹಂದಿಗಳಿಗೆ ಉಣಿಸುತ್ತಿದ್ದರು, ಇಲ್ಲವೆ ಹೊಳೆಗೆ ಬಿಟ್ಟು ನೀರನ್ನು ಕೆಡಿಸುತ್ತಿದ್ದರು. ೧೯೬೦ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಸಂಜಾತರಾದ ಶ್ರೀನಿವಾಸ ಸೌರಿರಾಜನ್ ಅವರು ಸಮುದ್ರದ ನೀರನ್ನು ಸಿಹಿಗೊಳಿಸುವುದಕ್ಕಾಗಿ ಹೊಸ ಬಗೆಯ ಸೂಕ್ಷ್ಮಪೊರೆಯನ್ನು ನಿರ್ಮಿಸಿದರು. ಇಂತಹ ಪೊರೆಗಳಿಂದ ಶೋಧಿಸುವ ವಿಧಾನವು ೧೯೭೦ರ ದಶಕದಲ್ಲಿ ಹಾಲೊಡಕಿಗೂ ಅನ್ವಯವಾಯಿತು. ಹಾಲಿನ ಸಕ್ಕರೆಯೂ ಲವಣವೂ ಪೊರೆಯನ್ನು ದಾಟಿ ಹೋಗಲು, ಪ್ರೋಟೀನು ಹಿಂದುಳಿಯಿತು. ಅದನ್ನು ಒಣಗಿಸಿದ ಪುಡಿಯ ಉತ್ತಮ ಜಾತಿಗಳಲ್ಲಿ ನೂರಕ್ಕೆ ೮೦ರಿಂದ ೯೦ ಭಾಗ ಪ್ರೋಟೀನೇ ಇರುವುದು.

ಪನೀರಿನ ನೀರು ಇದಕ್ಕೆ ಸಮನಲ್ಲ. ಪನೀರಿಗಾಗಿ ನಾವು ಹಾಲನ್ನು ಕುದಿಸಿ ಹುಳಿ ಹಿಂಡುತ್ತೇವೆ. ಆ ಕಾವಿಗೆ ಹಾಲೊಡಕಿನ ಪ್ರೋಟೀನು ರೂಪಗೆಟ್ಟು ಕೇಸೀನಿಗೆ ಅಂಟಿಕೊಂಡು, ಬಹುಪಾಲು ಗಡ್ಡೆಯೊಡನೆಯೇ ಹೋಗುವುದು. ನೀರಿನಲ್ಲಿ ಉಳಿಯುವುದು ಮುಖ್ಯವಾಗಿ ಸಕ್ಕರೆ ಮತ್ತು ಲವಣ. ಹಿಟ್ಟು ಕಲಸುವುದಕ್ಕೂ ಸಾರಿಗೂ ಅದು ಯೋಗ್ಯವಾದುದೇ. ಆದರೆ ಪ್ರೋಟೀನಿಗಾಗಿ ಪನೀರನ್ನೇ ತಿನ್ನತಕ್ಕದ್ದು.

ಇನ್ನು ಬಲದ ವಿಚಾರ. ಮಾಂಸಖಂಡವು ಬೆಳೆಯಲು ಪ್ರೇರಕವಾದ ಲ್ಯೂಸೀನು ಎಂಬ ಅಮೈನೋ ಆಮ್ಲವು ಈ ಪ್ರೋಟೀನಿನಲ್ಲಿ ಸುಮಾರು ಹತ್ತರಲ್ಲೊಂದು ಪಾಲಿರುವುದು. ಇದು ಬೇಗನೆ ಜೀರ್ಣವೂ ಆಗುವುದು. ಆದರೆ ವ್ಯಾಯಾಮವಿಲ್ಲದೆ ಪುಡಿಯೊಂದರಿಂದಲೇ ಮೈ ಕಟ್ಟಾಗುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೨೦ರಲ್ಲಿ ಗೊತ್ತುಮಾಡಿದಂತೆ, ವಯಸ್ಕರಿಗೆ ದೇಹತೂಕದ ಕಿಲೋಗ್ರಾಂ ಒಂದಕ್ಕೆ ದಿನಕ್ಕೆ ೦.೮೩ ಗ್ರಾಂ ಪ್ರೋಟೀನು ಬೇಕು. ಅಂದರೆ ೬೦ ಕಿಲೋಗ್ರಾಂ ತೂಗುವವರಿಗೆ ೫೦ ಗ್ರಾಂ. ಭಾರವೆತ್ತುವ ಸಾಧಕರನ್ನು ಕುರಿತ ೪೯ ಪ್ರಯೋಗಗಳನ್ನು ಒಟ್ಟುಗೂಡಿಸಿ ೨೦೧೮ರಲ್ಲಿ ಪ್ರಕಟವಾದ ವಿಮರ್ಶೆಯೊಂದರಂತೆ, ಸುಮಾರು ೧.೬ ಗ್ರಾಮಿನಾಚೆಗೆ, ಎಂದರೆ ಅದೇ ವ್ಯಕ್ತಿಗೆ ೯೬ ಗ್ರಾಮಿನಾಚೆಗೆ, ಹೆಚ್ಚಿನ ಲಾಭ ಕಂಡುಬರಲಿಲ್ಲ.

ಇದನ್ನು ನಮ್ಮ ಊಟದೊಡನೆ ತೂಗಿ ನೋಡೋಣ. ಇನ್ನೂರು ಗ್ರಾಂ ರಾಗಿಯಿಂದ ಸುಮಾರು ೧೪, ನೂರು ಗ್ರಾಂ ಹುರುಳಿ ಅಥವಾ ತೊಗರಿಬೇಳೆಯಿಂದ ೨೨, ಅರ್ಧ ಲೀಟರು ಹಾಲುಮೊಸರಿನಿಂದ ೧೬, ಒಟ್ಟು ೫೨ ಗ್ರಾಂ ದೊರೆಯುವುದು. ಧಾನ್ಯದಲ್ಲಿ ಕೊರತೆಯಾದ ಲೈಸೀನನ್ನು ಬೇಳೆಯು ತುಂಬಿಕೊಡುವುದು. ಸಾಮಾನ್ಯರಿಗೆ ಇಷ್ಟು ಸಾಕು. ಆದರೆ ತಟ್ಟೆಯ ತುಂಬ ಅನ್ನವೂ ಮೇಲೆ ತೆಳುವಾದ ಸಾರೂ ಆದರೆ ಈ ಲೆಕ್ಕ ಕೂಡಿಬರುವುದಿಲ್ಲ. ಸಾಧಕನಿಗೆ ಉಳಿದುದನ್ನು ಮೊಟ್ಟೆ, ಕಡಲೆಕಾಯಿ, ಮೀನು ಮುಂತಾದುವು ಪೂರೈಸಬಲ್ಲವು. ಅವು ಸಾಲದಿದ್ದಲ್ಲಿ ಮಾತ್ರ ಪುಡಿಗೆ ಸ್ಥಾನವುಂಟು. ನೂರಕ್ಕೆ ೮೦ ಭಾಗವುಳ್ಳ ಪುಡಿಯ ೩೦ ಗ್ರಾಮಿನಲ್ಲಿ ೨೪ ಗ್ರಾಂ ಪ್ರೋಟೀನು ಇರುವುದು. ನಾಲ್ಕು ಮೊಟ್ಟೆಗಳಲ್ಲಿಯೂ ಅಷ್ಟೇ. ಪೋಷಣ ಸಂಸ್ಥೆಯ ೨೦೨೪ರ ಆಹಾರಸೂಚಿಯಂತೂ ಮೈಕಟ್ಟಿಗಾಗಿ ಇಂತಹ ಪುಡಿಗಳನ್ನು ವರ್ಜಿಸಬೇಕೆಂದೇ ಹೇಳಿದೆ.

ಆರೋಗ್ಯವಂತರ ಮೂತ್ರಪಿಂಡಕ್ಕೆ ಮೇಲೆ ಹೇಳಿದ ಪ್ರಮಾಣದಿಂದ ಹಾನಿಯೆಂಬುದು ಸಿದ್ಧಪಟ್ಟಿಲ್ಲ. ಮೂತ್ರಪಿಂಡದ ರೋಗವುಳ್ಳವರು ಮಾತ್ರ ವೈದ್ಯರನ್ನು ಕೇಳದೆ ಮುಟ್ಟಬಾರದು. ಹಾಲು ಒಗ್ಗದವರೂ ಎಚ್ಚರದಿಂದಿರಬೇಕು.

ಕೊನೆಯದಾಗಿ ಕಲಬೆರಕೆಯ ಮಾತು. ೧೮೮೩ರಲ್ಲಿ ಡೆನ್ಮಾರ್ಕಿನ ಕೆಲ್ಡಾಲ್ ಅವರು ಕಂಡುಹಿಡಿದ ಪರೀಕ್ಷೆಯು ಅಳೆಯುವುದು ಸಾರಜನಕವನ್ನು, ಪ್ರೋಟೀನನ್ನಲ್ಲ. ಆದಕಾರಣ ಅಗ್ಗದ ಗ್ಲೈಸೀನನ್ನು ಬೆರೆಸಿದರೂ ಲೆಕ್ಕದಲ್ಲಿ ಪ್ರೋಟೀನು ಹೆಚ್ಚಿದಂತೆ ತೋರುವುದು. ೨೦೦೮ರಲ್ಲಿ ಚೀನಾ ದೇಶದ ಶಿಶುಗಳ ಹಾಲಿನ ಪುಡಿಯಲ್ಲಿ ಮೆಲಮೈನು ಸೇರಿದುದು ಇದೇ ಉಪಾಯದಿಂದ. ಡಬ್ಬಿಯನ್ನು ಕೊಳ್ಳುವವರು ಬೆಲೆಯನ್ನು ನೋಡುವ ಮೊದಲು ಅದರ ಮೇಲಿನ ಘಟಕಗಳ ಪಟ್ಟಿಯನ್ನೂ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಸಂಖ್ಯೆಯನ್ನೂ ಓದತಕ್ಕದ್ದು; ಅದಕ್ಕೂ ಮೊದಲು ತಮ್ಮ ದಿನದ ಊಟದ ಲೆಕ್ಕವನ್ನು ಒಮ್ಮೆ ಮಾಡಿ ನೋಡತಕ್ಕದ್ದು.